ಪ್ರೊಪೊಸಿಷನಲ್ ಲಾಜಿಕ್‌ಗೆ ಎಂತ ಹೇಳ್ಲಿಕ್ಕೆ ಆಗುದಿಲ್ಲ, ಯಾಕೆ ಆಗುದಿಲ್ಲ

ಮಳೆಗಾಲದಲ್ಲಿ ಮಂಗಳೂರು, ಉಡುಪಿ ಕಡೆ ಮಕ್ಕಳಿರುವ ಯಾವ ಮನೆಗೆ ಹೋದ್ರೂ ಸಂಜೆ ಹೊತ್ತಿಗೆ ಒಂದು ಮಾತು ಕೇಳಿಸ್ತದೆ: "ನಾಳೆ ರೆಡ್ ಅಲರ್ಟ್ ಇದ್ರೆ ಶಾಲೆಗೆ ರಜೆ." ಲಾಜಿಕ್ ಕಲಿಯುವವರಿಗೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಡ. "ನಾಳೆ ರೆಡ್ ಅಲರ್ಟ್ ಉಂಟು" ಅನ್ನುವ ವಾಕ್ಯಕ್ಕೆ ಕ ಅಂತ ಹೆಸರಿಡಿ, "ನಾಳೆ ಶಾಲೆಗೆ ರಜೆ" ಅನ್ನುದಕ್ಕೆ ಖ ಅಂತ ಇಡಿ, ಆಗ ಇಡೀ ಮಾತು "ಕ ಆದ್ರೆ ಖ" ಅಂತ ಆಯ್ತು. ಪ್ರೊಪೊಸಿಷನಲ್ ಲಾಜಿಕ್ ಅಂದ್ರೆ ಇಷ್ಟೇ, ಪೂರ್ತಿ ವಾಕ್ಯಗಳಿಗೆ ಒಂದೊಂದು ಅಕ್ಷರ, ಅವುಗಳನ್ನು ಜೋಡಿಸ್ಲಿಕ್ಕೆ "ಅಲ್ಲ", "ಮತ್ತು", "ಅಥವಾ", "ಆದ್ರೆ ಆಗ" ಅನ್ನುವ ಕೆಲವು ಕನೆಕ್ಟಿವ್, ಮತ್ತೆ ಯಾವುದು ಯಾವಾಗ ನಿಜ ಅಂತ ತೋರಿಸ್ಲಿಕ್ಕೆ ಟ್ರೂತ್ ಟೇಬಲ್. ನಮ್ಮ ಕಡೆ ಬಿಸಿಎ, ಇಂಜಿನಿಯರಿಂಗ್ ಓದಿದವರೆಲ್ಲ ಡಿಸ್ಕ್ರೀಟ್ ಮ್ಯಾಥ್ಸ್ ಪೇಪರಿಗೆ ಈ ಟೇಬಲ್ ಬರೆದೇ ಬಂದವರು. ಕ ನಿಜ, ಖ ಸುಳ್ಳು ಆದ ಒಂದು ಸಾಲಲ್ಲಿ ಮಾತ್ರ "ಕ ಆದ್ರೆ ಖ" ಸುಳ್ಳು, ಉಳಿದ ಮೂರು ಸಾಲಲ್ಲೂ ನಿಜ. ರೆಡ್ ಅಲರ್ಟೇ ಬರ್ಲಿಲ್ಲ ಅಂತಾದ್ರೆ ಕೊಟ್ಟ ಮಾತು ಮುರಿದ ಹಾಗೆ ಆಗ್ಲಿಲ್ಲ ಅಲ್ವಾ, ಹಾಗೆ.

ಆದ್ರೆ ಟೇಬಲ್ ಬರೆಯುದು ಕಲಿಸುವಾಗ ಯಾರೂ ಹೇಳದೆ ಬಿಡುವ ಒಂದು ಪ್ರಶ್ನೆ ಉಂಟು, ನಾವು ದಿನಾ ಆಡುವ ಮಾತಿನಲ್ಲಿ ಎಷ್ಟು ಭಾಗ ಈ ಟೇಬಲಿನೊಳಗೆ ಹಿಡೀತದೆ? ಭಾಷೆಯ ಬಗ್ಗೆ ಯೋಚಿಸುವ ಫಿಲಾಸಫಿಗೆ ಇದು ತುಂಬಾ ಮುಖ್ಯ ಪ್ರಶ್ನೆ, ಮತ್ತು ಚಂದದ ವಿಷಯ ಎಂತ ಅಂದ್ರೆ ಇದಕ್ಕೆ ಬರೀ ಅಭಿಪ್ರಾಯದ ಉತ್ತರ ಸಾಕಾಗುದಿಲ್ಲ, ಬೇಕಾಗುದೂ ಇಲ್ಲ. "ಇದನ್ನು ಹೇಳ್ಲಿಕ್ಕೆ ಆಗುದಿಲ್ಲ" ಅಂತ ಪ್ರೂವ್ ಮಾಡಿಯೇ ತೋರಿಸಬಹುದು.

ಮೊದ್ಲು ಒಂದು ಗೊಂದಲ ಬಿಡಿಸಿಕೊಳ್ಳುವ. ಪ್ರೊಪೊಸಿಷನಲ್ ಲಾಜಿಕ್ "ಕಂಪ್ಲೀಟ್" ಅಂತ ಪುಸ್ತಕದಲ್ಲೆಲ್ಲ ಬರೆದಿರ್ತದೆ, 1921ರಲ್ಲಿ ಎಮಿಲ್ ಪೋಸ್ಟ್ ಪ್ರೂವ್ ಮಾಡಿದ್ದು, ಅದೇ ವರ್ಷ ಫಿಲಾಸಫರ್ ವಿಟ್‌ಗೆನ್‌ಸ್ಟೈನ್ ಕೂಡ ಟ್ರೂತ್ ಟೇಬಲನ್ನು ತನ್ನ ಫಿಲಾಸಫಿಯ ನಡುವಿಗೆ ತಂದ. ಕನೆಕ್ಟಿವ್‌ಗಳ ವಿಷಯದಲ್ಲಿ "ಕಂಪ್ಲೀಟ್" ಅಂದ್ರೆ ಎಂತ? ಎರಡು ವಾಕ್ಯ ತಗೊಂಡ್ರೆ ಟೇಬಲಿನಲ್ಲಿ ನಾಲ್ಕು ಸಾಲು, ಪ್ರತಿ ಸಾಲಿಗೂ ನಿಜ ಅಥವಾ ಸುಳ್ಳು ತುಂಬಿಸಬಹುದು, ಹಾಗಾಗಿ ಒಟ್ಟು 16 ಥರ ತುಂಬಿಸ್ಲಿಕ್ಕೆ ಸಾಧ್ಯ, ಆ 16ನ್ನೂ "ಅಲ್ಲ" ಮತ್ತು "ಮತ್ತು" ಎರಡೇ ಇಟ್ಟುಕೊಂಡು ಬರೀಬಹುದು. 1913ರಲ್ಲಿ ಶೆಫರ್ ಅನ್ನುವವ ಒಂದೇ ಒಂದು ಚಿಹ್ನೆ ಸಾಕು ಅಂತ ಸಹ ತೋರಿಸಿದ. ಆದ್ರೆ ಸರಿಯಾಗಿ ನೋಡಿ, ಇದು ಟೇಬಲಿನಲ್ಲಿ ಬರೀಲಿಕ್ಕೆ ಆಗುವಂಥದ್ದನ್ನೆಲ್ಲ ಬರೀಬಹುದು ಅಂತ ಹೇಳ್ತದೆಯೇ ಹೊರತು ನಮ್ಮ ಮಾತೆಲ್ಲ ಟೇಬಲಿನಲ್ಲಿ ಬರೀಲಿಕ್ಕೆ ಆಗ್ತದೆ ಅಂತ ಎಲ್ಲೂ ಹೇಳುದಿಲ್ಲ. ಈ ಎರಡನ್ನು ಒಂದೇ ಅಂತ ತಿಳಿದವರು ತುಂಬಾ ಜನ.

ಈ ಲಾಜಿಕ್‌ಗೆ ಪ್ರತಿ ವಾಕ್ಯವೂ ಒಂದು ಅಂಟು ಹಾಕಿದ ಲಕೋಟೆ. ಹೊರಗೆ ನಿಜ ಅಥವಾ ಸುಳ್ಳು ಅಂತ ಒಂದು ಸೀಲ್, ಒಳಗೆ ಎಂತ ಉಂಟು ಅಂತ ನೋಡುವ ಹಾಗಿಲ್ಲ, ಆ ಲಕೋಟೆಗೂ ಪಕ್ಕದ ಲಕೋಟೆಗೂ ಎಂತ ಸಂಬಂಧ ಅಂತ ಕೇಳುವ ಹಾಗೂ ಇಲ್ಲ, ಸೀಲ್ ಮಾತ್ರ ನೋಡಬಹುದು. ಮುಂದೆ ಬರುವ ಎಲ್ಲಾ ಮಿತಿಗಳೂ ಈ ಒಂದೇ ಕಾರಣದಿಂದ ಹುಟ್ಟುವಂಥದ್ದು.

"ಯಾಕೆ ಆಗುದಿಲ್ಲ, ಯಾವ ವಾಕ್ಯಕ್ಕಾದ್ರೂ ಒಂದು ಅಕ್ಷರ ಕೊಡಬಹುದಲ್ಲ" ಅಂತ ಕೇಳುವವರಿದ್ದಾರೆ. ಕೊಡಬಹುದು, ಯಾವ ದೊಡ್ಡ ವಾಕ್ಯಕ್ಕೆ ಬೇಕಾದ್ರೂ ಗ ಅಂತ ಹೆಸರಿಟ್ಟು ಮುಗಿಸಬಹುದು. ಆದ್ರೆ ಹೆಸರಿಡುದು ಬೇರೆ, ಹೇಳುದು ಬೇರೆ. ಒಂದು ಮಾತನ್ನು ಲಾಜಿಕ್‌ನಲ್ಲಿ ಹೇಳಿದ ಹಾಗೆ ಆಗುದು ಯಾವಾಗ ಅಂದ್ರೆ ಆ ಮಾತಿನಿಂದ ಬೇರೆ ಎಂತೆಲ್ಲ ಹೊರಡ್ತದೆ, ಅದು ಯಾವುದಕ್ಕೆ ವಿರುದ್ಧ ಅನ್ನುದು ಆ ಬರವಣಿಗೆಯಲ್ಲೇ ಕಾಣುವಾಗ. ಗ ಅನ್ನುವ ಒಂಟಿ ಅಕ್ಷರದಿಂದ ಹೊಸತೇನೂ ಹೊರಡುದಿಲ್ಲ.

ಇದು ಕಣ್ಣಿಗೆ ಕಾಣುವ ಜಾಗ ಮಲ್ಪೆ ಬಂದರು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ, ನಾಡದೋಣಿಯವರು ಮಾತ್ರ ಕಡಲಿಗೆ ಇಳೀತಾರೆ. ಆ ಸಮಯದಲ್ಲಿ ಯಾರಾದ್ರೂ ಹೇಳ್ತಾರೆ ಅಂತ ಇಟ್ಟುಕೊಳ್ಳಿ: ಎಲ್ಲಾ ಟ್ರಾಲ್ ಬೋಟುಗಳೂ ದಡದಲ್ಲಿ ಉಂಟು, ಇದು ಟ್ರಾಲ್ ಬೋಟು, ಹಾಗಾದ್ರೆ ಇದೂ ದಡದಲ್ಲಿ ಉಂಟು. ಇದರಲ್ಲಿ ಚಿಕ್ಕ ಮಗುವಿಗೂ ಡೌಟ್ ಬರುದಿಲ್ಲ. ಈಗ ಪ್ರೊಪೊಸಿಷನಲ್ ಲಾಜಿಕ್‌ಗೆ ಹಾಕಿ ನೋಡಿ, ಮೊದಲ ವಾಕ್ಯ ಕ, ಎರಡನೇದು ಖ, ಮೂರನೇದು ಗ. "ಕ, ಖ, ಹಾಗಾಗಿ ಗ." ಕ ನಿಜ, ಖ ನಿಜ, ಗ ಸುಳ್ಳು ಅನ್ನುವ ಸಾಲು ಟೇಬಲಿನಲ್ಲಿ ಆರಾಮಾಗಿ ಕೂತಿರ್ತದೆ, ಅದನ್ನು ಅಲ್ಲಿಂದ ಎಬ್ಬಿಸುವ ಯಾವ ನಿಯಮವೂ ಇಲ್ಲ. ಯಾಕಂದ್ರೆ "ಟ್ರಾಲ್ ಬೋಟು" ಅನ್ನುದು ಮೊದಲ ಎರಡು ವಾಕ್ಯದಲ್ಲಿ, "ದಡದಲ್ಲಿ" ಅನ್ನುದು ಒಂದನೇ ಮತ್ತು ಮೂರನೇ ವಾಕ್ಯದಲ್ಲಿ, "ಇದು" ಅನ್ನುದು ಕೊನೆಯ ಎರಡರಲ್ಲಿ ಮತ್ತೆ ಮತ್ತೆ ಬಂದದ್ದರಿಂದಲೇ ಈ ವಾದ ನಿಂತದ್ದು, ಅಕ್ಷರ ಇಟ್ಟ ಕೂಡ್ಲೇ ಆ ಮೂರೂ ಲಕೋಟೆಯೊಳಗೆ ಹೋಯ್ತು.

ಇದಕ್ಕೆ ಒಂದು ಒಳ್ಳೆ ಆಕ್ಷೇಪ ಉಂಟು, ಅದನ್ನು ಸುಮ್ನೆ ದಾಟಿಬಿಡುದು ಸರಿಯಲ್ಲ. "ಬಂದರಿನಲ್ಲಿ ಬೋಟುಗಳು ಎಣಿಸುವಷ್ಟೇ ಇರುದಲ್ಲ? ಮೊದಲ ಬೋಟು ದಡದಲ್ಲಿ ಉಂಟು ಮತ್ತು ಎರಡನೇ ಬೋಟು ದಡದಲ್ಲಿ ಉಂಟು ಮತ್ತು ಮೂರನೇದು... ಹೀಗೆ ಕೊನೆ ತನಕ 'ಮತ್ತು' ಹಾಕಿ ಬರೆದ್ರೆ 'ಎಲ್ಲಾ' ಅಂತಲೇ ಆಗ್ಲಿಲ್ವಾ?" ವಿಟ್‌ಗೆನ್‌ಸ್ಟೈನ್ ಸಹ ಮೊದ್ಲು ಸುಮಾರು ಈ ದಾರಿಯಲ್ಲೇ ಯೋಚನೆ ಮಾಡಿದವ, ಆಮೇಲೆ ಅವನೇ ಅದನ್ನು ಬಿಟ್ಟ. ತೊಂದರೆ ಎಲ್ಲಿ ಅಂದ್ರೆ, ನೂರು ಬೋಟಿನ ಲಿಸ್ಟ್ ಬರೆದು ನೂರೂ ದಡದಲ್ಲಿ ಉಂಟು ಅಂತ ಹೇಳಿದ್ರಿ ಅಂತಾದ್ರೂ, ನೂರ ಒಂದನೇ ಬೋಟು ಇಲ್ಲ ಅನ್ನುದನ್ನು ನೀವು ಹೇಳ್ಲಿಲ್ಲ. ಲಿಸ್ಟಿನಲ್ಲಿ ಇದ್ದದ್ದೆಲ್ಲ ನಿಜ, ಆದ್ರೂ ಒಂದು ಬೋಟು ಕದ್ದು ಕಡಲಿಗೆ ಹೋಗಿರಬಹುದು, ಆಗ "ಎಲ್ಲಾ" ಅನ್ನುವ ಮಾತು ಸುಳ್ಳು. ಲಿಸ್ಟ್ "ಎಲ್ಲಾ"ಕ್ಕೆ ಸಮ ಆಗ್ಬೇಕಾದ್ರೆ ಕೊನೆಗೆ "ಇಷ್ಟೇ, ಇದಕ್ಕಿಂತ ಹೆಚ್ಚಿಲ್ಲ" ಅಂತ ಸೇರಿಸ್ಬೇಕು, ಆ "ಇಷ್ಟೇ" ಅನ್ನುದೇ ಇನ್ನೊಂದು "ಎಲ್ಲಾ". ಬರ್ಟ್ರಂಡ್ ರಸೆಲ್ 1918ರ ಉಪನ್ಯಾಸಗಳಲ್ಲಿ ಈ ಪಾಯಿಂಟನ್ನು ಬಹಳ ಗಟ್ಟಿಯಾಗಿ ಹಿಡಿದಿದ್ದ, ನನ್ನ ಲೆಕ್ಕದಲ್ಲಿ ಇಡೀ ವಿಷಯದಲ್ಲಿ ಇದಕ್ಕಿಂತ ಆಳದ ಪಾಯಿಂಟ್ ಇಲ್ಲ. ಸಂಖ್ಯೆಗಳ ವಿಷಯಕ್ಕೆ ಬಂದ್ರಂತೂ ಲಿಸ್ಟ್ ಮುಗಿಯುದೇ ಇಲ್ಲ, ಮುಗಿಯದ ಫಾರ್ಮುಲಾ ಬರೀಲಿಕ್ಕೆ ಈ ಲಾಜಿಕ್ ಬಿಡುದೂ ಇಲ್ಲ.

ಹಾಗಾದ್ರೆ ವಾಕ್ಯದ ಒಳಗೆ ನೋಡುವ ಲಾಜಿಕ್ ಮೊದ್ಲಿಂದ ಇರ್ಲಿಲ್ವಾ? ಇತ್ತು. ಅರಿಸ್ಟಾಟಲ್‌ನ ಸಿಲಾಜಿಸಂ, ಅಂದ್ರೆ "ಎಲ್ಲಾ", "ಕೆಲವು" ಅನ್ನುವ ಎರಡು ವಾಕ್ಯದಿಂದ ಮೂರನೇದನ್ನು ಹೊರಡಿಸುವ ಹಳೇ ವಿಧಾನ, ಮೇಲಿನ ಬೋಟಿನ ವಾದವನ್ನು ನಿಭಾಯಿಸ್ತದೆ. ನಮ್ಮ ನ್ಯಾಯಶಾಸ್ತ್ರ ಸಹ ಶುರುವಿನಿಂದಲೇ ವಾಕ್ಯವನ್ನು ಬಿಚ್ಚಿಯೇ ನೋಡಿದ್ದು, ಪಕ್ಷ (ಯಾವುದರ ಬಗ್ಗೆ ಮಾತೋ ಅದು) ಯಾವುದು, ಸಾಧ್ಯ (ಸಾಧಿಸ್ಬೇಕಾದದ್ದು) ಯಾವುದು, ಹೇತು (ಕೊಡುವ ಕಾರಣ) ಯಾವುದು, ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿ ಅನ್ನುವ ವ್ಯಾಪ್ತಿ ಎಂಥದ್ದು ಅಂತ. ಮಧ್ವ ಪರಂಪರೆಯಲ್ಲಿ ವ್ಯಾಸತೀರ್ಥರು ಇದೇ ನೈಯಾಯಿಕರ ಎದುರು ನಿಂತು ಅವರದ್ದೇ ಪರಿಭಾಷೆಯಲ್ಲಿ ವಾದ ಮಾಡಿದವರು, ಉಡುಪಿ ರಥಬೀದಿ ಸುತ್ತಮುತ್ತ ಆ ಓದು ಈಗಲೂ ನಡೀತಾ ಉಂಟು. ಟ್ರೂತ್ ಟೇಬಲ್ ಮಾತ್ರ ಓದಿ ಲಾಜಿಕ್ ಮುಗೀತು ಅಂತ ತಿಳಿಯುವ ನಮ್ಮ ಹುಡುಗರಿಗೆ ಒಂದೆರಡು ಕಿಲೋಮೀಟರ್ ದೂರದಲ್ಲೇ ಬೇರೆ ಥರದ ಲಾಜಿಕ್ ಇದೆ ಅಂತ ಯಾರಾದ್ರೂ ಹೇಳ್ಬೇಕು ಅಂತ ನನಗೆ ನಿಜವಾಗಿ ಆಸೆ.

ಆದ್ರೆ ಸಿಲಾಜಿಸಂಗೂ ಒಂದು ಗೋಡೆ ಇತ್ತು. ಬಂಗುಡೆ ಎಲ್ಲಾ ಮೀನು, ಹಾಗಾಗಿ ಬಂಗುಡೆ ತಿಂದವರೆಲ್ಲ ಮೀನು ತಿಂದವರು. ಇಷ್ಟು ಸರಳ ವಾದವನ್ನು ಅದು ಹಿಡೀಲಿಕ್ಕೆ ಆಗುದಿಲ್ಲ, ಯಾಕಂದ್ರೆ "ತಿನ್ನುದು" ಅನ್ನುದು ಎರಡರ ನಡುವಿನ ಸಂಬಂಧ, ಯಾರೋ ಎಂತದನ್ನೋ ತಿನ್ಬೇಕು. 19ನೇ ಶತಮಾನದಲ್ಲಿ ಡಿ ಮಾರ್ಗನ್ ಈ ಥರದ ವಾದಗಳನ್ನು ಇಟ್ಟು ಹಳೇ ಲಾಜಿಕ್‌ನ ಕೊರತೆ ತೋರಿಸಿದ. ಪರಿಹಾರ ಬಂದದ್ದು 1879ರಲ್ಲಿ, ಜರ್ಮನಿಯ ಗಾಟ್ಲೋಬ್ ಫ್ರೇಗೆ "ಎಲ್ಲಾ" ಮತ್ತು "ಒಂದಾದ್ರೂ" ಅನ್ನುವ ಕ್ವಾಂಟಿಫೈಯರ್‌ಗಳನ್ನು ಒಂದರೊಳಗೆ ಒಂದು ಇಡುವ ವಿಧಾನ ಕಂಡುಹಿಡಿದಾಗ. ಅದರ ಶಕ್ತಿ ಗೊತ್ತಾಗ್ಬೇಕಾದ್ರೆ ಕೃಷ್ಣ ಮಠದ ಪರ್ಯಾಯ ನೋಡಿ. ಅಷ್ಟಮಠಗಳಿಗೆ ಕೃಷ್ಣನ ಪೂಜೆಗೆ ಎರಡೆರಡು ವರ್ಷದ ಸರದಿ, 2024ರ ಜನವರಿ 18ಕ್ಕೆ ಪುತ್ತಿಗೆ ಮಠದ ಪರ್ಯಾಯ ಶುರು ಆಯ್ತು, 2026ರಲ್ಲಿ ಶೀರೂರು ಮಠದ್ದು, ಹೀಗೆ 16 ವರ್ಷಕ್ಕೆ ಒಂದು ಸುತ್ತು. ಈಗ ಎರಡು ವಾಕ್ಯ: "ಪ್ರತಿ ಪರ್ಯಾಯಕ್ಕೂ ಅದನ್ನು ನಡೆಸುವ ಒಂದು ಮಠ ಉಂಟು" ಮತ್ತು "ಒಂದು ಮಠ ಉಂಟು, ಪ್ರತಿ ಪರ್ಯಾಯವನ್ನೂ ಅದೇ ನಡೆಸ್ತದೆ". ಶಬ್ದಗಳೆಲ್ಲ ಹೆಚ್ಚುಕಮ್ಮಿ ಅವೇ, ಮೊದಲನೇದು ನಿಜ, ಎರಡನೇದು ಶುದ್ಧ ಸುಳ್ಳು. ಎರಡನೇದರಿಂದ ಮೊದಲನೇದು ಹೊರಡ್ತದೆ, ಮೊದಲನೇದರಿಂದ ಎರಡನೇದು ಹೊರಡುದಿಲ್ಲ. ವ್ಯತ್ಯಾಸ ಪೂರ್ತಿ ಇರುದು "ಪ್ರತಿ" ಹೊರಗೆ "ಒಂದು" ಒಳಗೋ, "ಒಂದು" ಹೊರಗೆ "ಪ್ರತಿ" ಒಳಗೋ ಅನ್ನುವ ಕ್ರಮದಲ್ಲಿ. ಪ್ರೊಪೊಸಿಷನಲ್ ಲಾಜಿಕ್‌ಗೆ ಇದು ಬರೀ ಕ ಮತ್ತು ಖ.

ಇಷ್ಟು ವಾಕ್ಯದ ಒಳಗಿನ ಕಥೆ. ವಾಕ್ಯಗಳ ನಡುವಿನ ಕಥೆ ಇನ್ನೂ ಸೂಕ್ಷ್ಮ, ಅದಕ್ಕೆ ಕ್ವಾಂಟಿಫೈಯರ್ ತಂದ್ರೂ ಸಾಕಾಗುದಿಲ್ಲ. ಇಲ್ಲಿ ಒಂದು ಟೆಸ್ಟ್ ಉಂಟು: ಯಾವುದೋ ಒಂದು ಜೋಡಣೆ ಪದವನ್ನು ತಗೊಳ್ಳಿ, ಅದರ ಎರಡೂ ಬದಿಯ ವಾಕ್ಯಗಳ ಸೀಲ್ ಹಾಗೇ ಇಟ್ಟು ವಾಕ್ಯ ಮಾತ್ರ ಬದಲಿಸಿ, ಆಗ ಇಡೀ ಮಾತು ನಿಜದಿಂದ ಸುಳ್ಳಿಗೆ ಹೋದ್ರೆ ಆ ಪದಕ್ಕೆ ಟ್ರೂತ್ ಟೇಬಲ್ ಇಲ್ಲವೇ ಇಲ್ಲ. "ಯಾಕಂದ್ರೆ" ಅನ್ನುದರ ಮೇಲೆ ಹಾಕಿ ನೋಡಿ. ರೆಡ್ ಅಲರ್ಟ್ ಇದ್ದು ರಜೆ ಕೊಟ್ಟ ಒಂದು ದಿನ "ಶಾಲೆಗೆ ರಜೆ, ಯಾಕಂದ್ರೆ ರೆಡ್ ಅಲರ್ಟ್ ಉಂಟು" ಅಂದ್ರೆ ನಿಜ. ಅದೇ ದಿನ "ಶಾಲೆಗೆ ರಜೆ, ಯಾಕಂದ್ರೆ ಸುಲ್ತಾನ್ ಬತ್ತೇರಿ ಮಂಗಳೂರಲ್ಲಿ ಉಂಟು" ಅಂದ್ರೆ ಸುಳ್ಳು. ಎರಡರಲ್ಲೂ ಎಡಗಡೆ ನಿಜ, ಬಲಗಡೆ ನಿಜ. ನಿಜ-ನಿಜ ಅನ್ನುವ ಒಂದೇ ಸಾಲಿಗೆ ಒಮ್ಮೆ ನಿಜ ಒಮ್ಮೆ ಸುಳ್ಳು ಬರೀಲಿಕ್ಕೆ ಆಗುದಿಲ್ಲ, ಅಲ್ಲಿಗೆ ಪ್ರೂಫ್ ಮುಗೀತು. 16ರಲ್ಲಿ ಯಾವುದೂ "ಯಾಕಂದ್ರೆ" ಅಲ್ಲ. "ಮತ್ತು", "ಆದ್ರೂ" ವಿಷಯ ಬೇರೆ, "ಜೋರು ಮಳೆ ಬಂತು ಮತ್ತು ಕೋಲ ನಡೀತು", "ಜೋರು ಮಳೆ ಬಂತು, ಆದ್ರೂ ಕೋಲ ನಡೀತು", ಇವೆರಡೂ ನಿಜ ಆಗುದು ಒಂದೇ ಸಂದರ್ಭದಲ್ಲಿ, ವ್ಯತ್ಯಾಸ ಕೇಳುವವನ ನಿರೀಕ್ಷೆಯಲ್ಲಿ. ಅದನ್ನು ಟೇಬಲ್ ಕಳ್ಕೊಳ್ತದೆ, ಆದ್ರೆ ಸತ್ಯವನ್ನು ಕಳ್ಕೊಳ್ಳುದಿಲ್ಲ ಅಂತ ಫ್ರೇಗೆಯೂ ಗಮನಿಸಿದ್ದ.

ಈಗ "ಇದ್ರೆ" ಅನ್ನುವ ಪದಕ್ಕೆ ವಾಪಸ್ ಬರುವ, ಯಾಕಂದ್ರೆ ಅತಿ ದೊಡ್ಡ ಜಗಳ ಇರುದು ಅಲ್ಲೇ. ಮಳೆಗೆ ಡಿಸಿ ರಜೆ ಘೋಷಿಸುವಾಗ ಎಷ್ಟೋ ಸಲ ಅಂಗನವಾಡಿ, ಶಾಲೆ, ಪಿಯು ತನಕ ಮಾತ್ರ ಕೊಡುದು, ಡಿಗ್ರಿಯವರಿಗೆ ಇಲ್ಲ. ಆಗ ಒಬ್ಬಳು ಡಿಗ್ರಿ ಹುಡುಗಿ ಹೇಳ್ತಾಳೆ: "ನಾಳೆ ರೆಡ್ ಅಲರ್ಟ್ ಇದ್ರೆ ನಮಗೂ ರಜೆ ಅನ್ನುದು ಸುಳ್ಳು." ಅವಳು ಇಲ್ಲಿ ಹವಾಮಾನದ ಬಗ್ಗೆ ಒಂದಕ್ಷರ ಹೇಳ್ಲಿಲ್ಲ, ಪದ್ಧತಿಯ ಬಗ್ಗೆ ಮಾತ್ರ ಹೇಳಿದ್ದು. ಆದ್ರೆ ಟೇಬಲ್ ಪ್ರಕಾರ "ಕ ಆದ್ರೆ ಖ" ಸುಳ್ಳಾಗುದು ಒಂದೇ ಸಾಲಲ್ಲಿ, ಕ ನಿಜ ಖ ಸುಳ್ಳು. ಅಂದ್ರೆ ಅವಳ ಮಾತಿನಿಂದ "ನಾಳೆ ರೆಡ್ ಅಲರ್ಟ್ ಖಂಡಿತಾ ಉಂಟು" ಅಂತ ಹೊರಡ್ತದೆ! ಪದ್ಧತಿಯನ್ನು ಅಲ್ಲಗಳೆದ ಮಾತ್ರಕ್ಕೆ ನಾಳೆಯ ಮಳೆ ಗೊತ್ತಾಗ್ಲಿಕ್ಕೆ ಸಾಧ್ಯವೇ ಇಲ್ಲ. ಸಿ. ಐ. ಲೂಯಿಸ್ ಅನ್ನುವವರು 1918ರ ಹೊತ್ತಿಗೇ ಟೇಬಲಿನ "ಆದ್ರೆ ಆಗ" ನಮ್ಮ ಅರ್ಥಕ್ಕೆ ತೀರಾ ಸಡಿಲ ಆಯ್ತು ಅಂತ ಹೇಳಿ ಬೇರೆ ಗಟ್ಟಿ ಸಂಬಂಧ ಒಂದನ್ನು ಕಟ್ಟಿದ್ರು. ಪಾಲ್ ಗ್ರೈಸ್ 1967ರ ಉಪನ್ಯಾಸಗಳಲ್ಲಿ ಟೇಬಲಿನ ಪರವಾಗಿ ನಿಂತ: ಅರ್ಥ ಟೇಬಲಿನದ್ದೇ, ವಿಚಿತ್ರ ಅಂತ ಕಾಣುದು ಸಂಭಾಷಣೆಯ ಮರ್ಯಾದೆಯಿಂದ, ನಿಜ ಆದ್ರೂ ಉಪಯೋಗಕ್ಕಿಲ್ಲದ ಮಾತನ್ನು ಯಾರೂ ಆಡುದಿಲ್ಲ ಅಂತ. ಗ್ರೈಸ್ ಹೇಳಿದ್ದರಿಂದ ಭಾಷೆಯ ಬಗ್ಗೆ ಕಲಿಯುವಂಥದ್ದು ತುಂಬಾ ಉಂಟು, ಆದ್ರೆ ಈ ಹುಡುಗಿಯ ಮಾತಿಗೆ ಆ ಉತ್ತರ ನನಗೆ ಸಾಕಾಗುದಿಲ್ಲ. ನಿಜವಾದ ಮಾತು ಯಾಕೆ ಆಡ್ಲಿಕ್ಕೆ ಸರಿ ಕಾಣುದಿಲ್ಲ ಅಂತ ಅವನು ವಿವರಿಸ್ತಾನೆ, ಇಲ್ಲಿ ಪ್ರಶ್ನೆ ಇರುದು ಅವಳು ಆಡಿದ್ದು ಯಾಕೆ ಅಷ್ಟು ಸರಿಯಾಗಿ ಕಾಣ್ತದೆ ಅಂತ.

ನಡೆಯದೇ ಇದ್ದದ್ದರ ಬಗ್ಗೆ ಮಾತಾಡುವಾಗ ಇದು ಇನ್ನೂ ಸ್ಪಷ್ಟ. "ಪಶ್ಚಿಮ ಘಟ್ಟ ಇಲ್ಲದಿದ್ರೆ ಕರಾವಳಿಗೆ ಇಷ್ಟು ಮಳೆ ಬರ್ತಿರ್ಲಿಲ್ಲ." ಮಂಗಳೂರಿಗೆ ವರ್ಷಕ್ಕೆ 3,500 ಮಿ.ಮೀ. ಮೇಲೆ ಮಳೆ ಬೀಳುದೇ ಅರಬ್ಬೀ ಸಮುದ್ರದ ತೇವದ ಗಾಳಿ ಘಟ್ಟಕ್ಕೆ ಅಡ್ಡ ಸಿಕ್ಕಿ ಮೇಲೆ ಏರಿ ತಣ್ಣಗಾಗುದರಿಂದ, ಹಾಗಾಗಿ ಆ ಮಾತು ನಿಜ. "ಪಶ್ಚಿಮ ಘಟ್ಟ ಇಲ್ಲದಿದ್ರೆ ಇದಕ್ಕಿಂತ ಜಾಸ್ತಿ ಮಳೆ ಬರ್ತಿತ್ತು" ಅಂದ್ರೆ ಸುಳ್ಳು. ಸೀಲ್ ನೋಡಿ ಈಗ: ಘಟ್ಟ ಇಲ್ಲ ಅನ್ನುದು ಸುಳ್ಳು, ಇಷ್ಟು ಮಳೆ ಇಲ್ಲ ಅನ್ನುದು ಸುಳ್ಳು, ಇದಕ್ಕಿಂತ ಜಾಸ್ತಿ ಮಳೆ ಉಂಟು ಅನ್ನುದೂ ಸುಳ್ಳು. ಎರಡು ಮಾತೂ ಸುಳ್ಳು-ಸುಳ್ಳು ಸಾಲಿನದ್ದೇ, ಟೇಬಲ್ ಎರಡನ್ನೂ ನಿಜ ಅಂತ ಬರೀತದೆ. ಇದನ್ನೇ ಒಪ್ಪಿಕೊಂಡ್ರೆ ಭೂಗೋಳ ವಿಜ್ಞಾನಕ್ಕೆ ಹೇಳ್ಲಿಕ್ಕೆ ಎಂತ ಉಳೀತು? ಕಾರಣ ಹುಡುಕುದು, ತಪ್ಪು ಯಾರದ್ದು ಅಂತ ಕೋರ್ಟಲ್ಲಿ ಕೇಳುದು, ಎಲ್ಲಾ ನಿಂತದ್ದು ಇಂಥ ವಾಕ್ಯಗಳ ಮೇಲೆ. 1968ರಲ್ಲಿ ಸ್ಟಾಲ್ನೇಕರ್, 1973ರಲ್ಲಿ ಡೇವಿಡ್ ಲೂಯಿಸ್ ಕೊಟ್ಟ ದಾರಿ ಎಂತ ಅಂದ್ರೆ, ನಮ್ಮ ಪ್ರಪಂಚಕ್ಕೆ ಆದಷ್ಟು ಹತ್ತಿರ ಇರುವ, ಆದ್ರೆ ಘಟ್ಟ ಇಲ್ಲದ ಪ್ರಪಂಚವನ್ನು ಯೋಚಿಸಿ, ಅಲ್ಲಿ ಮಳೆ ಎಷ್ಟು ಅಂತ ನೋಡಿ. "ಹತ್ತಿರ" ಅಂದ್ರೆ ಎಂತ ಅನ್ನುದು ಕಷ್ಟದ ಪ್ರಶ್ನೆ, ಆದ್ರೆ ಈ ಪ್ರಪಂಚದ ಸೀಲ್ ಮಾತ್ರ ನೋಡಿ ಸಾಲದು ಅನ್ನುದಂತೂ ಖಾತ್ರಿ ಆಯ್ತು.

"ಆಗಲೇಬೇಕು" ಅನ್ನುವ ಪದಕ್ಕೂ ಇದೇ ಟೆಸ್ಟ್. 7 ಅವಿಭಾಜ್ಯ ಸಂಖ್ಯೆ ಅನ್ನುದು ನಿಜ, ಉಡುಪಿ ಜಿಲ್ಲೆ 1997ರಲ್ಲಿ ಆದದ್ದು ಅನ್ನುದೂ ನಿಜ. ಮೊದಲನೇದು ಬೇರೆ ಥರ ಆಗ್ಲಿಕ್ಕೇ ಸಾಧ್ಯ ಇಲ್ಲ, ಎರಡನೇದು ಒಂದು ವರ್ಷ ಮುಂದೆ ಹೋಗಿದ್ರೆ ಯಾವ ನಿಯಮವೂ ಮುರೀತಿರ್ಲಿಲ್ಲ. ಸೀಲ್ ಒಂದೇ, ಉತ್ತರ ಬೇರೆ. ಇದಕ್ಕೆ "ಆಗಲೇಬೇಕು", "ಆಗಬಹುದು" ಅನ್ನುವ ಪದಗಳನ್ನು ನಿಭಾಯಿಸುವ ಮೋಡಲ್ ಲಾಜಿಕ್ ಬೇಕಾಯ್ತು, ಅದಕ್ಕೆ ಸರಿಯಾದ ಅರ್ಥ ವ್ಯವಸ್ಥೆ ಕೊಟ್ಟವರಲ್ಲಿ ದೊಡ್ಡ ಹೆಸರು ಸಾಲ್ ಕ್ರಿಪ್ಕೆ, 1959 ಮತ್ತು 1963ರ ಪೇಪರ್‌ಗಳಲ್ಲಿ. ನಂಬಿಕೆಯ ವಾಕ್ಯ ಇನ್ನೂ ಕಷ್ಟ. ಹುಬ್ಬಳ್ಳಿಯಿಂದ ಹೊಸತಾಗಿ ಬಂದ ಹುಡುಗ "ಮಂಗಳೂರಲ್ಲಿ ಬಂದರು ಉಂಟು" ಅಂತ ನಂಬಿರ್ತಾನೆ, "ಕುಡ್ಲದಲ್ಲಿ ಬಂದರು ಉಂಟು" ಅಂತ ನಂಬಿರುದಿಲ್ಲ, ಕುಡ್ಲ ಅನ್ನುದು ಮಂಗಳೂರಿನ ತುಳು ಹೆಸರು ಅಂತಲೇ ಅವನಿಗೆ ಗೊತ್ತಿಲ್ಲ. ಊರು ಒಂದೇ, ಪಣಂಬೂರಿನ ಬಂದರೂ ಒಂದೇ, ಎರಡು ವಾಕ್ಯವೂ ನಿಜ. ಫ್ರೇಗೆ 1892ರಲ್ಲಿ ಎತ್ತಿದ ಈ ಒಗಟಿಗೆ ಎಲ್ಲರೂ ಒಪ್ಪುವ ಉತ್ತರ ಇವತ್ತಿಗೂ ಇಲ್ಲ. ಪ್ರಶ್ನೆ, ಆಜ್ಞೆ, "ಎರಡು ಪ್ಲೇಟ್ ಗೋಳಿಬಜೆ ಕೊಡಿ" ಅನ್ನುವಂಥದ್ದು ನಿಜವೂ ಅಲ್ಲ ಸುಳ್ಳೂ ಅಲ್ಲ, ಅವು ಟೇಬಲಿನ ಬಾಗಿಲಿಗೇ ಬರುದಿಲ್ಲ.

ಹಾಗಾದ್ರೆ ಇಷ್ಟು ಕಡಿಮೆ ಹೇಳುವ ಲಾಜಿಕ್ ಇಟ್ಟುಕೊಂಡು ಎಂತ ಮಾಡುದು? ಕಡಿಮೆ ಹೇಳುದರಿಂದಲೇ ಅದಕ್ಕೆ ಒಂದು ದೊಡ್ಡ ಗುಣ ಉಂಟು: ಯಾವ ಫಾರ್ಮುಲಾ ಕೊಟ್ರೂ ಅದು ಯಾವಾಗಲೂ ನಿಜವಾ ಅಲ್ವಾ ಅಂತ ಟೇಬಲ್ ಹಾಕಿ ಖಂಡಿತಾ ಹೇಳಬಹುದು. ಅಕ್ಷರ 10 ಇದ್ರೆ 1,024 ಸಾಲು, 20 ಇದ್ರೆ 10,48,576 ಸಾಲು, ಸುಸ್ತಾಗಬಹುದು, ಆದ್ರೆ ಮುಗಿಯುದು ಗ್ಯಾರಂಟಿ. ಫ್ರೇಗೆಯ ಕ್ವಾಂಟಿಫೈಯರ್ ಬಂದ ಮೇಲೆ ಆ ಗ್ಯಾರಂಟಿ ಹೋಯ್ತು, 1936ರಲ್ಲಿ ಅಲೊಂಜೊ ಚರ್ಚ್ ಮತ್ತು ಅಲನ್ ಟ್ಯೂರಿಂಗ್ ಇಬ್ಬರೂ ಬೇರೆ ಬೇರೆಯಾಗಿ ತೋರಿಸಿದ್ರು, ಅಂಥ ಒಂದು ಜನರಲ್ ವಿಧಾನ ಇರ್ಲಿಕ್ಕೇ ಸಾಧ್ಯ ಇಲ್ಲ ಅಂತ. ಎಲ್ಲಿ ಹೋಯ್ತು ಅನ್ನುದೂ ನಿಖರವಾಗಿ ಗೊತ್ತುಂಟು. "ಟ್ರಾಲ್ ಬೋಟು", "ದಡದಲ್ಲಿ" ಅನ್ನುವ ಹಾಗೆ ಒಂದೊಂದೇ ವಸ್ತುವಿನ ಗುಣ ಹೇಳುವ ಪದ ಮಾತ್ರ ಇದ್ರೆ ಕ್ವಾಂಟಿಫೈಯರ್ ಇದ್ರೂ ಗ್ಯಾರಂಟಿ ಉಳೀತದೆ, ಇದು 1915ರಲ್ಲಿ ಲೋವೆನ್‌ಹೈಮ್ ತೋರಿಸಿದ್ದು. "ತಿನ್ನುದು", "ನಡೆಸುದು" ಅನ್ನುವ ಹಾಗೆ ಎರಡರ ನಡುವಿನ ಒಂದೇ ಒಂದು ಸಂಬಂಧ ಒಳಗೆ ಬಂದ್ರೂ ಹೋಯ್ತು. ಬಂಗುಡೆ ತಿಂದ ವಾದವನ್ನು ಹೇಳ್ಲಿಕ್ಕೆ ಯಾವ ಶಕ್ತಿ ಬೇಕಾಯ್ತೋ ಅದೇ ಶಕ್ತಿ ಗ್ಯಾರಂಟಿಯನ್ನು ತಗೊಂಡು ಹೋದದ್ದು.

ಅದಕ್ಕಾಗಿ ಕಂಪ್ಯೂಟರಿನವರು ಆದಷ್ಟು ಸಮಸ್ಯೆಗಳನ್ನು ಪ್ರೊಪೊಸಿಷನಲ್ ಲಾಜಿಕ್‌ಗೇ ಇಳಿಸ್ಲಿಕ್ಕೆ ನೋಡುದು. ಒಂದು ಕಾಲೇಜಿನ ಪರೀಕ್ಷೆ ಟೈಮ್‌ಟೇಬಲ್ ತಗೊಳ್ಳಿ, 40 ಪೇಪರ್, 12 ಹೊತ್ತು ಅಂತ ಇಟ್ಟುಕೊಂಡ್ರೆ "ಈ ಪೇಪರ್ ಈ ಹೊತ್ತಿಗೆ" ಅನ್ನುವ 480 ಅಕ್ಷರ, ಒಬ್ಬ ವಿದ್ಯಾರ್ಥಿಯ ಎರಡು ಪೇಪರ್ ಒಂದೇ ಹೊತ್ತಿಗೆ ಬರಬಾರ್ದು ಅಂತ ವಿದ್ಯಾರ್ಥಿಗೊಂದು ಸಾಲು ಷರತ್ತು. 480 ಅಕ್ಷರದ ಟೇಬಲ್ ಯಾವ ಕಂಪ್ಯೂಟರಿಗೂ ಪೂರ್ತಿ ಬರೀಲಿಕ್ಕೆ ಆಗುದಿಲ್ಲ, 1971ರಲ್ಲಿ ಸ್ಟೀಫನ್ ಕುಕ್, ಒಂದು ಫಾರ್ಮುಲಾ ನಿಜ ಆಗುವ ಸಾಲು ಉಂಟಾ ಅಂತ ಹುಡುಕುವ ಸಮಸ್ಯೆ ಒಂದು ಇಡೀ ಕಷ್ಟದ ಗುಂಪಿನ ಮೂಲ ಮಾದರಿ ಅಂತ ತೋರಿಸಿದ್ದಾರೆ, ಆದ್ರೂ ಅಂಥ ಸಾಲು ಹುಡುಕುವ ಈಗಿನ ಪ್ರೋಗ್ರಾಂಗಳು, ಅಂದ್ರೆ ಸ್ಯಾಟ್ ಸಾಲ್ವರ್‌ಗಳು, ಬೇಡದ ಸಾಲುಗಳನ್ನು ರಾಶಿಗಟ್ಟಲೆ ಬಿಟ್ಟು ಎಷ್ಟೋ ಸಲ ಬೇಗನೆ ಉತ್ತರ ಕೊಡ್ತವೆ. ಇಲ್ಲಿ ಗಮನಿಸಿ, ನಾವು ಮಾಡಿದ್ದು ಬೋಟಿನ ಲಿಸ್ಟ್ ಬರೆದ ಹಾಗೆಯೇ, "ಎಲ್ಲಾ ವಿದ್ಯಾರ್ಥಿಗಳಿಗೂ" ಅನ್ನುವ ಜಾಗದಲ್ಲಿ ಒಬ್ಬೊಬ್ಬರದ್ದೇ ಸಾಲು. "ಇಷ್ಟೇ, ಇದಕ್ಕಿಂತ ಹೆಚ್ಚಿಲ್ಲ" ಅನ್ನುದನ್ನು ಫಾರ್ಮುಲಾ ಹೇಳ್ಲಿಲ್ಲ, ಲಿಸ್ಟ್ ತಯಾರು ಮಾಡಿದ ಆಫೀಸಿನವರು ಹೇಳಿದ್ದು. ಹಳೇ ಸೆಮಿಸ್ಟರಿನ ಪೇಪರ್ ಬಾಕಿ ಇರುವ ಒಬ್ಬ ಹುಡುಗ ಆ ಲಿಸ್ಟಿನಿಂದ ಬಿಟ್ಟುಹೋದ್ರೆ ಅವನಿಗೆ ಒಂದೇ ಬೆಳಿಗ್ಗೆ ಎರಡು ಪರೀಕ್ಷೆ ಬಿದ್ರೂ ಸಾಲ್ವರ್ ಎಲ್ಲಾ ಷರತ್ತೂ ಪೂರೈಸಿದೆ ಅಂತಲೇ ತೋರಿಸ್ತದೆ, ಅದರ ಮಟ್ಟಿಗೆ ಅದು ಸರಿಯೇ, ಯಾಕಂದ್ರೆ "ಎಲ್ಲಾ" ಅನ್ನುವ ಮಾತನ್ನು ಅದರ ಹತ್ರ ಯಾರೂ ಹೇಳಿಯೇ ಇರ್ಲಿಲ್ಲ.